ಹೋಳಿಗೆ ಮಾಡಿದ ದಿನ ಬೇಡ

ಬಸವಣ್ಣನ ತಾಯಿ ಮಾದಲಾಂಬಿಕೆಯ ತವರು ಇಂಗಳೇಶ್ವರ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟ ಇಂಥ ಊರಲ್ಲಿ ಕೂತು ಸಿಹಿ ಬಿಳಿ ವೈನಿನ ಬಗ್ಗೆ ಉಪನ್ಯಾಸ ಕೊಡುವ ಭಂಡ ನಾನೊಬ್ಬನೇ. ಕೇಳುವವಳೂ ಒಬ್ಬಳೇ, ನನ್ನ ಹೆಂಡತಿ. ಅದೂ ಶೇಂಗಾ ಸುಲಿಯುವಾಗ ಮಾತ್ರ. ಬಾಟ್ಲಿ ಬೆಂಗಳೂರಿನ ಮಗನದು, ಪಾಂಡಿತ್ಯ ಬಾಟ್ಲಿಯ ಬೆನ್ನಿಗೆ ಹಚ್ಚಿದ ಚೀಟಿಯದು, ಗತ್ತು ಮಾತ್ರ ನನ್ನದು.

ದ್ರಾಕ್ಷಿ ರಸದ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದರೆ ವೈನಿನಲ್ಲಿ ಸಿಹಿ ಉಳಿಯದು. ನಡುವೆಯೇ ತಡೆದರೆ ಉಳಿಯುತ್ತದೆ. ಇಟಲಿಯ ಮೊಸ್ಕಾತೊ ದಾಸ್ತಿ ಹಾಗೆ ತಡೆದದ್ದು. ಆಲ್ಕೊಹಾಲ್ ಶೇ. 5ರ ಆಸುಪಾಸು, ಸಣ್ಣ ಗುಳ್ಳೆ, ಮಧ್ಯಾಹ್ನ ಹಣ್ಣಿನ ಜೊತೆ ಹಿತ. ಹೆಂಡತಿ ಮೂಸಿ ನೋಡಿ, "ಇದಕ್ಕಿಂತ ಜಾತ್ರಿ ಸೋಡಾ ಜೋರ್ ಇರ್ತದ ಬಿಡ್ರಿ" ಅಂದಳು.

ಅರೆಸಿಹಿ ರೀಸ್ಲಿಂಗ್ ಖಾರದೂಟಕ್ಕೆ. ಆಲ್ಕೊಹಾಲ್ ಹೆಚ್ಚಾದಷ್ಟೂ ಖಾರ ಏರುತ್ತದೆ, ಸಿಹಿ ಅದನ್ನು ಇಳಿಸುತ್ತದೆ. ಹಾಗಾಗಿ ರೊಟ್ಟಿ-ರಂಜಕಕ್ಕೆ ಇದೇ ಜೋಡಿ ಎಂದು ಸಿದ್ಧಾಂತ ಮಂಡಿಸಿದೆ. "ಮಸರು ಐತಲ್ರೀ ಮನ್ಯಾಗ?" ಎಂದಳು. ಇಂಥ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಇರುವುದಿಲ್ಲ.

ಫ್ರಾನ್ಸಿನ ಸೊತೆರ್ನ್ ಕಥೆಯನ್ನು ದ್ರಾಕ್ಷಿ ಬೆಳೆಯುವ ನಮ್ಮ ಕಾಕಾಗೆ ಹೇಳಬಾರದಿತ್ತೇನೋ. ಅಲ್ಲಿ ಹಣ್ಣಿಗೆ ಬೂಜು ಹತ್ತಲೆಂದೇ ಕಾಯುತ್ತಾರೆ. ಬೂಜು ಹಣ್ಣಿನ ನೀರು ಆರುವಂತೆ ಮಾಡಿ ಸಿಹಿಯನ್ನು ಗಟ್ಟಿ ಮಾಡುತ್ತದೆ, ಆ ವೈನಿಗೆ ಕೇಳಿದಷ್ಟು ಬೆಲೆ. ಕಾಕಾ ತಲೆಯ ಮೇಲೆ ಕೈಹೊತ್ತು, "ಬೂಜು ಹತ್ತಿದ್ದಕ್ಕ ರೊಕ್ಕ ಕೊಡ್ತಾರೇನೋ? ನಾ ಇಲ್ಲಿ ಔಷಧ ಹೊಡದ್ ಹೊಡದ್ ಸಾಲಗಾರ ಆದ್ನಲ್ಲೋ!" ಎಂದು ಕೂತವನು ಚಹಾ ಬಂದ ಮೇಲೂ ಏಳಲಿಲ್ಲ. ಕೆನಡಾದವರು ಸೊನ್ನೆಗಿಂತ 8 ಡಿಗ್ರಿ ಕೆಳಗೆ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣು ಕಿತ್ತು ಐಸ್ ವೈನ್ ಮಾಡುತ್ತಾರೆಂಬುದನ್ನು ಹೇಳದೆ ಬಿಟ್ಟೆ. ನಮ್ಮ ಬ್ಯಾಸಿಗಿ 40 ಡಿಗ್ರಿ ದಾಟುತ್ತದೆ. ಪಾಪ, ಅವನ ಬಿ.ಪಿ. ಏಕೆ ಏರಿಸಬೇಕು?

ಟಸ್ಕನಿಯ ವಿನ್ ಸಾಂತೊ ಮಾತ್ರ ನಮಗೆ ಹತ್ತಿರದ ನೆಂಟ. ಹಣ್ಣನ್ನು ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಹಿಂಡಿ ಮಾಡುತ್ತಾರೆ. ಒಣಗಿಸುವುದನ್ನು ವಿಜಯಪುರದವರಿಗೆ ಯಾರು ಕಲಿಸಬೇಕು? ತಿಕೋಟಾ ಕಡೆ ಹೋದರೆ ಶೆಡ್ಡುಗಳ ಬಲೆಯ ಮೇಲೆ ಥಾಮ್ಸನ್ ಸೀಡ್‌ಲೆಸ್ ಹಳದಿ-ಹಸಿರಾಗಿ ಸುಕ್ಕುಗಟ್ಟುತ್ತಿರುತ್ತದೆ. "ಮನ್ಯಾಗ ಮಾಡೇ ಬಿಡೋಣು" ಎಂದು ಒಂದು ಡಬ್ಬಿ ಒಣದ್ರಾಕ್ಷಿ ತರಿಸಿದೆ. ಮರುದಿನ ಅದು ಶಿರಾದಲ್ಲಿ ಉಬ್ಬಿಕೊಂಡು ತಟ್ಟೆಗೆ ಬಂತು. ಎರಡನೇ ಸಲ ಕೇಳಿ ಬಡಿಸಿಕೊಂಡೆ. ಸಂಶೋಧಕ ಎನ್ನಿಸಿಕೊಂಡವನಿಗೆ ಹಟ ಇರಬಾರದು.

ಕೊನೆಯದು ನಾಸಿಕದ ಸುಲಾ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂ. ಹಣ್ಣನ್ನು ಬಳ್ಳಿಯಲ್ಲೇ ತಡವಾಗಿ ಬಿಟ್ಟು ಕೊಯ್ದದ್ದು, ಒಳ್ಳೆಯ ಸಿಹಿ. ಮಜ್ಜಿಗೆ ತಂಬಿಗೆಯ ಹಿಂದೆ ಟವೆಲ್ ಸುತ್ತಿ ತಣ್ಣಗಿಟ್ಟು, ಕಡ್ಲಿಬ್ಯಾಳಿ ಹೂರಣದ ಹೋಳಿಗೆಯ ಜೊತೆ ತೆಗೆದೆ. ಊಟದ ಸಿಹಿಗಿಂತ ವೈನ್ ಸಿಹಿ ಇರಬೇಕು, ಇಲ್ಲವಾದರೆ ಹುಳಿಯಾಗಿ ಕಾಣುತ್ತದೆ ಎಂಬುದು ಬಲ್ಲವರ ಮಾತು. ತುಪ್ಪದಲ್ಲಿ ಮುಳುಗಿದ ಹೋಳಿಗೆ ಒಂದೇ ತುತ್ತಿಗೆ ಅದನ್ನು ಹುಣಸೆ ನೀರು ಮಾಡಿಬಿಟ್ಟಿತು. ಸಂಜೆ ಉಪ್ಪು ಹಚ್ಚಿದ ಹುರಿದ ಶೇಂಗಾದ ಜೊತೆ ಅದೇ ಬಾಟ್ಲಿ ಮತ್ತೆ ಜೇನಿನಂತೆ ಸಿಹಿಯಾಯಿತು. ಆದ್ದರಿಂದ ಹೇಳುತ್ತೇನೆ, ಹೋಳಿಗೆ ಮಾಡಿದ ದಿನ ಬಾಟ್ಲಿ ತೆಗೆಯಬೇಡಿ. ಇನ್ನೊಂದು ಮಿಳ್ಳಿ ತುಪ್ಪ ಹಾಕಿಸಿಕೊಳ್ಳಿ.