ಕಾಂಬಿನೇಷನ್ ಪಲ್ಲಟ: ಹುಣಸಗಿ ಸೀಮೆಯ ಪಿಯುಸಿ ಕುರಿತು ಒಂದು ಗಂಭೀರ ಸಂಶೋಧನೆ

ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಆದಿಮಾನವ ಕಲ್ಲಿನ ಕೊಡಲಿ ಮಾಡುತ್ತಿದ್ದನೆಂಬುದು ವಿದ್ವಾಂಸರು ಒಪ್ಪಿದ ಮಾತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಉತ್ಖನನ ಮಾಡಿದ ಇಸಾಂಪುರದ ನೆಲೆಗೆ ಸುಮಾರು 12 ಲಕ್ಷ ವರ್ಷವೆಂದು ಅಂದಾಜು. ಅಲ್ಲಿ ಕೈಗೆ ಒಗ್ಗದ ಸುಣ್ಣಕಲ್ಲನ್ನು ಬಿಸಾಕಿ ಬೇರೊಂದನ್ನು ಎತ್ತಿಕೊಳ್ಳಲು ಪಾಲಕರ ಸಹಿ ಬೇಕಿರಲಿಲ್ಲ. ಈಗ ಪಿಯುಸಿಯ ಕಾಂಬಿನೇಷನ್ ಬದಲಿಸಲು ಬೇಕು. ನಡುವೆ ಮನುಕುಲಕ್ಕೆ ಏನಾಯಿತೆಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ಪಲ್ಲಟದಲ್ಲಿ ಎರಡು ಬಗೆ. ಮೊದಲನೆಯದು ಸ್ಥೂಲ ಪಲ್ಲಟ: ಜೂನ್‌ನಲ್ಲಿ ಪಿಸಿಎಂಬಿಗೆ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಸೇರಿದ ವಿದ್ಯಾರ್ಥಿ ಮಳೆಗಾಲ ಮುಗಿಯುವ ಮೊದಲೇ ಅರ್ಜಿ ಬರೆದು ಎಚ್‌ಇಪಿಎಸ್‌ಗೆ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಕ್ಕೆ, ದಾಟುವುದು. ಇದರ ಕಾರಣದ ಬಗ್ಗೆ ಪಂಥಭೇದವಿದೆ. ಸೋದರಮಾವ ಪಂಥದ ಪ್ರಕಾರ ದೋಷವೆಲ್ಲ ಹುಡುಗನದು: “ಸೈನ್ಸ್ ಬಿಟ್ಟು ಆರ್ಟ್ಸ್ ತೊಗೊಂಡು ಏನ್ ಕಡೀತೀಯೋ ತಮ್ಮಾ? ನಮಗ ಮುನ್ನೂರಾ ಎಪ್ಪತ್ತೊಂದು ಜೆ ಅದ!” ಬಸ್ ಪಂಥದವರದು ಬೇರೆ ವಾದ. ಲ್ಯಾಬು ಮುಗಿಯುವುದು ಸಂಜೆಗೆ. ಕೊಡೇಕಲ್ ಕಡೆಯ ಬಸ್ಸು ಆಮ್ಲ, ಪ್ರತ್ಯಾಮ್ಲ ಕೂಡುವವರೆಗೂ ಕಾಯುವುದಿಲ್ಲ. ಹುಡುಗಿಯರ ಅರ್ಜಿಗಳನ್ನು ಓದುವಾಗ ಈ ಪಂಥವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಇವೆರಡೂ ಪೂರ್ವಪಕ್ಷ. ಈ ಲೇಖಕನ ಸಿದ್ಧಾಂತ ಬೇರೆ. ಎಸ್ಸೆಸ್ಸೆಲ್ಸಿವರೆಗೆ ಚೆಂದಾಗಿ ಕನ್ನಡ ಮಾತಾಡುತ್ತಿದ್ದ ನ್ಯೂಟನ್, ಪಿಯುಸಿಯ ಮೊದಲ ವಾರ ಏಕಾಏಕಿ ಇಂಗ್ಲಿಷಿಗೆ ತಿರುಗುತ್ತಾನೆ. ಸೇಬು ಅದೇ, ಬೀಳುವುದೂ ಅದೇ, ಗುರುತು ಹತ್ತುವುದಿಲ್ಲ. ಹುಡುಗ ಮೊದಲು ಹಿಂದಿನ ಬೆಂಚಿಗೆ, ಆಮೇಲೆ ಕಟ್ಟೆಗೆ, ಕೊನೆಗೆ ಆರ್ಟ್ಸಿಗೆ ಸರಿಯುತ್ತಾನೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ), ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಲ್ಲಿನವರಿಗೆ ಶೇ. 70, ಹೊರಗಿನ ಕಾಲೇಜುಗಳಲ್ಲಿ ಶೇ. 8 ಸೀಟು ಮೀಸಲಿಟ್ಟಿದೆ. ಆ ಸೀಟಿನವರೆಗೆ ಹೋಗುವ ದಾರಿಯಲ್ಲಿರುವ ಫಿಸಿಕ್ಸ್ ಪುಸ್ತಕಕ್ಕೆ ಇದು ಗೊತ್ತಿಲ್ಲ. ಮಾವನಿಗೆ ಸೀಟು ಗೊತ್ತು, ಪುಸ್ತಕ ಗೊತ್ತಿಲ್ಲ.

ಎರಡನೆಯದು ಸೂಕ್ಷ್ಮ ಪಲ್ಲಟ. ಇದು ದ್ವಿತೀಯ ಪಿಯುಸಿಯ ಕಾಯಿಲೆ. ಅರ್ಜಿ ಇಲ್ಲ, ಸಹಿ ಇಲ್ಲ, ಸಾಕ್ಷಿಯೂ ಇಲ್ಲ. ನೀಟ್‌ನಲ್ಲಿ ಗಣಿತ ಕೇಳುವುದಿಲ್ಲವಾದ್ದರಿಂದ ಡಾಕ್ಟರಾಗುವವನು ಗಣಿತದ ಪೀರಿಯಡ್‌ನಲ್ಲಿ ಕಪ್ಪೆಯ ಚಿತ್ರ ಬಿಡಿಸುತ್ತಾನೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ. ಹಾಗಾಗಿ ಎಂಜಿನಿಯರಾಗುವವನ ಮಟ್ಟಿಗೆ ಆ ಕಪ್ಪೆ ಸತ್ತಂತೆಯೇ. ಇಬ್ಬರೂ ಹಾಜರಿಯಲ್ಲಿ ಪಿಸಿಎಂಬಿ, ಮನಸ್ಸಿನಲ್ಲಿ ಮೂರೇ ಅಕ್ಷರ. ನಾಲ್ಕನೆಯದನ್ನು ‘ಇರಲಿ ಬಿಡು’ ಎಂದು ಇಟ್ಟುಕೊಂಡಿರುತ್ತಾರೆ. ‘ಇರಲಿ ಬಿಡು’ ನಮ್ಮ ಶಿಕ್ಷಣದಲ್ಲಿ ಅತಿ ಹೆಚ್ಚು ಮಂದಿ ಕಲಿತ ಐಚ್ಛಿಕ ವಿಷಯ.

ಇನ್ನು ಮಾವಂದಿರ ಅವಗಾಹನೆಗೆ: ಆರ್ಟ್ಸಿನಲ್ಲೂ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಪರೀಕ್ಷೆ ನಡೆಸುವ ಮಂಡಳಿಯೂ ಅದೇ. ಹುಡುಗ ಅಲ್ಲಿಗೆ ಹೋದರೆ ಓಡಿಹೋದ ಎನ್ನಬೇಕಿಲ್ಲ. ಸೈನ್ಸೇ ಬೇಕೆಂದು ಅಳುತ್ತಿರುವವನನ್ನು ಅಲ್ಲಿಗೆ ದಬ್ಬಲೂಬೇಡಿ, ಅವನಿಗೆ ಬೇಕಿರುವುದು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಮೇಷ್ಟ್ರು ಮಾತ್ರ. ಯಾವುದು ಬೇಕೆಂದು ದಯವಿಟ್ಟು ಅವನನ್ನೇ ಕೇಳಿ, ಅದೂ ಬದಲಾವಣೆಯ ಕೊನೇ ತಾರೀಖಿನೊಳಗೆ.