ದಿನ ಇಡೋದು ಯಾರು?

ನಮ್ಮ ಹರದನಹಳ್ಳಿಯಲ್ಲಿ ವೀಳ್ಯಶಾಸ್ತ್ರ ಆದ ಮನೆಯ ಪಕ್ಕದಲ್ಲಿ ವಾಸ ಮಾಡುವುದೆಂದರೆ ಅರ್ಧ ನೌಕರಿ ಇದ್ದ ಹಾಗೆ. ಸಂಬಳವಿಲ್ಲ, ಕಾಫಿ ಮಾತ್ರ ಸಿಗುತ್ತದೆ.

ಪಕ್ಕದ ಮನೆ ಅಕ್ಕನ ಮಗಳಿಗೂ ರಾಮನಾಥಪುರದ ಕಡೆಯ ಹುಡುಗನಿಗೂ 2025ರ ಕಾರ್ತೀಕದಲ್ಲಿ ಗೊತ್ತಾಯಿತು. ಎಲೆ ಅಡಿಕೆ ಬದಲಾಯಿತು, ಹುಡುಗಿಗೆ ಮಡಿಲು ತುಂಬಿದರು, ಉಂಗುರ ಹಾಕಿಸಿದರು, ಹುಡುಗರ ಒತ್ತಾಯಕ್ಕೆ ಕೇಕನ್ನೂ ಕತ್ತರಿಸಿದರು. ಇಷ್ಟಕ್ಕೆಲ್ಲ ಒಂದು ಬೆಳಗ್ಗೆ ಸಾಕಾಯಿತು. ಮದುವೆ ಯಾವತ್ತು ಅನ್ನುವುದೊಂದು ಮಾತ್ರ ಇತ್ಯರ್ಥವಾಗಲಿಲ್ಲ. "ಫೋನಲ್ಲಿ ಮಾತಾಡ್ಕೊಳಾಣ ಬುಡಿ" ಅಂತ ಬೀಗರು ಎದ್ದರು. ಅವತ್ತಿನಿಂದ ದಾಸವಾಳದ ಬೇಲಿ ಹತ್ತಿರ ನನಗೆ ಡ್ಯೂಟಿ.

"ಮೇಷ್ಟ್ರೇ, ಒಸಿ ಪಂಚಾಂಗ ತಗ್ದು ನೋಡಿ."

"ಅಕ್ಕ, ನಾನು ಲೆಕ್ಕದ ಮೇಷ್ಟ್ರು ಕಣಕ್ಕ, ಜೋಯಿಸನಲ್ಲ."

"ಇದೂ ಲೆಕ್ಕವೇ ಅಲ್ವಾ?"

ಲೆಕ್ಕವೇ, ಅದೂ ಎಂಥ ಲೆಕ್ಕ! ಧನುರ್ಮಾಸದಲ್ಲಿ ಮದುವೆ ಮಾಡುವ ಹಾಗಿಲ್ಲ. ಮಾಘದಲ್ಲಿ ಮಾಡೋಣ ಅಂದರೆ ಬೀಗರು ಒಪ್ಪುವುದಿಲ್ಲ. ಅವರದು ಹೊಗೆಸೊಪ್ಪಿನ ಮನೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುತ್ತದೆ. ಬ್ಯಾರನ್ನಿನಲ್ಲಿ ಹದ ಮಾಡಿದ ಸೊಪ್ಪನ್ನು ಗ್ರೇಡು ಮಾಡಿ, ಬೇಲು ಕಟ್ಟಿ, ಸರದಿ ಬಂದಾಗ ತಗೊಂಡು ಹೋಗಿ ಇಡಬೇಕು. ಬೇಲೆಲ್ಲ ಒಂದೇ ದಿನ ಹೋಗುವುದಿಲ್ಲ, ದುಡ್ಡೂ ಒಂದೇ ಸಲ ಬರುವುದಿಲ್ಲ. ಕಡೆಯ ಬೇಲು ಮಾರಾಟವಾಗುವ ತನಕ ಆ ಮನೆಯ ಯಜಮಾನರು ಒಡವೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಇದರಲ್ಲಿ ತಪ್ಪು ಹುಡುಕುವಂತಿಲ್ಲ. ಹಾಸನದ ಸುತ್ತ ಆಲೂಗಡ್ಡೆ ಕಿತ್ತ ಮೇಲೆ ಮದುವೆ, ಶುಂಠಿಗೆ ರೇಟು ಬಂದರೆ ಮದುವೆ, ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಮಾರಿ ಮದುವೆ. ಗುರುಬಲ ಹುಡುಗಿಗೆ ಬಂದರೆ ಸಾಲದು, ಬೆಳೆಗೂ ಬರಬೇಕು.

ಹರಾಜು ಮುಗಿಯುವಷ್ಟರಲ್ಲಿ ಶಿವರಾತ್ರಿ ಕಳೆದಿರುತ್ತದೆ. ಅಲ್ಲಿಂದಾಚೆ ಬೆರಳು ಮಡಿಸಿದೆ. 2026ರಲ್ಲಿ ಜ್ಯೇಷ್ಠಮಾಸ ಎರಡು. ಮೇ 17ರಿಂದ ಜೂನ್ 15ರವರೆಗೆ ಅಧಿಕ, ಅದರಲ್ಲಿ ಶುಭಕಾರ್ಯವಿಲ್ಲ. ಆಮೇಲಿನ ನಿಜ ಜ್ಯೇಷ್ಠದಲ್ಲಿ ಮಾಡೋಣ ಅಂದರೆ ಹುಡುಗ ಹಿರಿಮಗ, ಹುಡುಗಿ ಹಿರಿಮಗಳು. ಇಬ್ಬರು ಹಿರಿಯರನ್ನು ಆ ತಿಂಗಳಲ್ಲಿ ಸೇರಿಸಬಾರದಂತೆ. ಅದು ದಾಟಿದರೆ ಆಷಾಢ. ಕಡೆಗೆ ಕೈಗೆ ಸಿಕ್ಕಿದ್ದು ಯುಗಾದಿಯಿಂದ ಮೇ ನಡುವಿನ ತನಕದ ಒಂದಿಷ್ಟು ದಿನ. ಇಡೀ ಜಿಲ್ಲೆಯ ಕಣ್ಣೂ ಅಲ್ಲೇ.

ಹಾಗಾಗಿ ಛತ್ರವಿಲ್ಲ. ಹಿಂದೆ ದಿನ ಇಟ್ಟು ಮನೆ ಮುಂದೆ ಚಪ್ಪರ ಹಾಕುತ್ತಿದ್ದರು. ಈಗ ಹೊಳೆನರಸೀಪುರದಲ್ಲೋ ಹಾಸನದಲ್ಲೋ ಛತ್ರ ಖಾಲಿ ಇರುವ ದಿನ ತಿಳಿದುಕೊಂಡು, ಆಮೇಲೆ ಜೋಯಿಸರ ಮನೆಗೆ ಹೋಗುತ್ತಾರೆ. ಅಡ್ವಾನ್ಸ್ ಕೊಟ್ಟಾಗಿದೆ ಸ್ವಾಮಿ ಅಂದರೆ ಯಾವ ಜೋಯಿಸರೂ ಲಗ್ನವಿಲ್ಲ ಅನ್ನುವುದಿಲ್ಲ, ಬೆಳಗಿನ ಜಾವಕ್ಕಾದರೂ ಒಂದನ್ನು ಹುಡುಕಿ ಕೊಡುತ್ತಾರೆ. ಅದೂ ಎರಡು ದಿನದ ಬಾಡಿಗೆ. ತಾಳಿ ಬೆಳಗ್ಗೆ, ಆರತಕ್ಷತೆ ಅದರ ಹಿಂದಿನ ಸಂಜೆ. ಇನ್ನೂ ಗಂಡ ಹೆಂಡತಿ ಆಗದವರನ್ನು ಸೋಫಾ ಮುಂದೆ ನಿಲ್ಲಿಸಿ ಊರವರ ಕೈಲೆಲ್ಲ ಶುಭಾಶಯ ಹೇಳಿಸುವುದು ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ. ಆ ಸಾಲಿನಲ್ಲಿ ನಾನೂ ಕವರ್ ಹಿಡಿದು ನಿಂತಿರುತ್ತೇನೆ, ಆ ಮಾತು ಬೇರೆ.

ನನಗೂ ಬೇಜಾರಾಗಿ ಒಂದಿನ ಅಂದೆ: "ಅಕ್ಕ, ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಗೆ ಮಂತ್ರ ಮಾಂಗಲ್ಯದಲ್ಲಿ ಮದುವೆ ಮಾಡಿದ್ರು. ಪಂಚಾಂಗದ ಗೊಡವೇನೇ ಬೇಡ ಅಂದೋರು ಅವರು."

"ಅವ್ರಿಗೇನು ಮೇಷ್ಟ್ರೇ, ಹೊಗೆಸೊಪ್ಪಿನ ಹರಾಜಿತ್ತಾ?"

ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾತು ತೆಗೆದೆ. ಅಲ್ಲಿ ಆಷಾಢವಿಲ್ಲ, ಮೂಢವಿಲ್ಲ. 2024ರಿಂದ ಕಾವೇರಿ 2.0 ಅಂತ ಆನ್‌ಲೈನಿನಲ್ಲೂ ಮದುವೆ ನೋಂದಣಿ ಮಾಡಿಸಬಹುದು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅದು ಮದ್ವೆ ಆದ್ಮೇಲಿನ ಮಾತಾಯ್ತು, ಮೊದ್ಲು ಮದ್ವೆ ಆಗ್ಬೇಕಲ್ಲ" ಅಂತ ನನ್ನನ್ನು ಮತ್ತೆ ಪಂಚಾಂಗಕ್ಕೆ ತಂದು ಕೂರಿಸಿದರು.

"ದಿನ ಅನ್ನದು ಗಟ್ಟಿಯಾಗಿರ್ಬೇಕು ಮೇಷ್ಟ್ರೇ. ನಮ್ಮೂರ್ ಮೊಮ್ಮಗನ ಮದ್ವೇಲಿ ನೋಡ್ಲಿಲ್ವಾ?"

ಇಲ್ಲಿ ನಮ್ಮೂರ ಮೊಮ್ಮಗ ಅಂದರೆ ಯಾರು ಅಂತ ಯಾರೂ ಕೇಳುವುದಿಲ್ಲ. 1933ರಲ್ಲಿ ಇಲ್ಲಿ ಹುಟ್ಟಿ 1996ರಲ್ಲಿ ಪ್ರಧಾನಿಯಾದ ದೇವೇಗೌಡರ ಮೊಮ್ಮಗ, ನಿಖಿಲ್ ಕುಮಾರಸ್ವಾಮಿ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಿಶ್ಚಿತಾರ್ಥ, ರಾಮನಗರದ ಹತ್ತಿರ ಭಾರೀ ಮದುವೆಗೆ ತಯಾರಿ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಸೆಟ್ಟು ಹೋಯಿತು, ಜನ ಹೋದರು, ಜಾಗ ಬಿಡದಿ ಕಡೆಯ ತೋಟದ ಮನೆಗೆ ಬಂತು. ಏಪ್ರಿಲ್ 17 ಮಾತ್ರ ಅಲ್ಲಾಡಲಿಲ್ಲ. ಮನೆಯವರಷ್ಟೇ ನಿಂತು ಧಾರೆ ಎರೆದರು. ಆಗ ರಾಜ್ಯದಲ್ಲಿ ಅದರ ಬಗ್ಗೆ ಏನೇನು ಚರ್ಚೆ ಆಯಿತೋ, ನಮ್ಮ ಅಕ್ಕನಿಗೆ ಅದರಲ್ಲಿ ಕಂಡಿದ್ದು ಒಂದೇ: ಇಟ್ಟ ದಿನ ಬಿಡಲಿಲ್ಲ.

ದಿನಕ್ಕೆ ಇಷ್ಟು ಹಟ ಯಾಕೆ ಅಂತ ಗೊತ್ತಾಗಬೇಕಾದರೆ ಅಕ್ಕನ ಬೀರುವಿನಲ್ಲಿರುವ ಮುಯ್ಯಿ ಪುಸ್ತಕ ನೋಡಬೇಕು. ಅವರ ಮದುವೆ, ಮೈದುನನ ಮದುವೆ, ಗೃಹಪ್ರವೇಶ, ಎಲ್ಲದರಲ್ಲೂ ಯಾರು ಎಷ್ಟು ಹಾಕಿದರು ಅಂತ ಊರು ಸಮೇತ ಬರೆದಿಟ್ಟಿದ್ದಾರೆ. ಹಳೆಯ ಪುಟಗಳಲ್ಲಿ ಐದು, ಹನ್ನೊಂದು ರೂಪಾಯಿ. ಈಚೆಗೆ ಬಂದರೆ ಐನೂರ ಒಂದು. ಕೆಲವರ ಹೆಸರಿನ ಮುಂದೆ ಬಿಂದಿಗೆ, ತಟ್ಟೆ. ಮುಯ್ಯಿಗೆ ಬಡ್ಡಿಯಿಲ್ಲ, ಆದರೆ ತೀರಿಸುವಾಗ ಮೇಲೊಂದಿಷ್ಟು ಹಾಕದೆ ಇದ್ದರೆ ಆ ಮನೆಯ ಮಾನ ಉಳಿಯುವುದಿಲ್ಲ. ಸೊಸೈಟಿ ಸಾಲಕ್ಕೆ ಜಾಮೀನು ಬೇಕು, ಇದಕ್ಕೆ ಲಗ್ನಪತ್ರಿಕೆಯೇ ನೋಟಿಸು. ಮೊದಲ ಪತ್ರಿಕೆ ಮಾವಿನಕೆರೆ ಬೆಟ್ಟದ ರಂಗನಾಥಸ್ವಾಮಿ ಪಾದಕ್ಕೆ, ಎರಡನೆಯದು ಸೋದರಮಾವನಿಗೆ, ಆಮೇಲಿನದೆಲ್ಲ ಪುಸ್ತಕ ನೋಡಿಕೊಂಡು ಮನೆಮನೆಗೆ. ವಾಟ್ಸಾಪಿನಲ್ಲಿ ಕಳಿಸಿದ್ದು ಕರೆದ ಲೆಕ್ಕಕ್ಕೆ ಬರುವುದಿಲ್ಲ.

ಅದೇ ದಿನ ನೆಂಟರಲ್ಲಿ ಇನ್ನೊಂದು ಮದುವೆ ಬಿದ್ದರೆ? ಜನ ಎರಡೂ ಕಡೆ ಹೋಗಿ ಬರ್ತಾರೆ ಬಿಡಿ ಅಂದೆ.

"ಬತ್ತಾರೆ. ಊಟ ಒಂದ್ಕಡೆನೇ ಅಲ್ವಾ? ಎಲ್ಲಿ ಎಲೆ ಮುಂದೆ ಕುಂತ್ರೋ ಮುಯ್ಯಿ ಅಲ್ಲಿಗೆ."

ಹುಡುಗಿ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಅವಳ ಷರತ್ತು ಒಂದೇ, ಫೋಟೋದವರು ಸಿಗುವ ದಿನವಾಗಬೇಕು. ಮದುವೆಗೆ ಮುಂಚಿನ ಶೂಟಿಂಗು ಶೆಟ್ಟಿಹಳ್ಳಿಯ ಪಾಳು ಚರ್ಚಿನಲ್ಲಂತೆ. ಗೊರೂರು ಅಣೆಕಟ್ಟೆಯ ಹಿನ್ನೀರು ಏರಿದಾಗ ಅದು ಅರ್ಧ ಮುಳುಗುತ್ತದೆ, ಇಳಿದಾಗ ನೆಲಕ್ಕೆ ಬರುತ್ತದೆ. ಇವಳಿಗೆ ನೀರೂ ಬೇಕು, ಸೀರೆಯೂ ನೆನೆಯಬಾರದು. ಪಂಚಾಂಗ, ಹರಾಜು, ಛತ್ರದ ಜೊತೆಗೆ ಹೇಮಾವತಿಯನ್ನೂ ಕೇಳಬೇಕಾಯಿತು.

ಕಡೆಗೆ ವೈಶಾಖದಲ್ಲಿ ಒಂದು ಭಾನುವಾರ ಎಲ್ಲಕ್ಕೂ ಹೊಂದಿತು. ಯಾರೋ ಬಿಟ್ಟುಕೊಟ್ಟ ಛತ್ರ, ಒಳ್ಳೆ ಲಗ್ನ, ನೆಂಟರಲ್ಲಿ ಬೇರೆ ಮದುವೆಯಿಲ್ಲ. ಅಕ್ಕ ಬೇಲಿಯ ಮೇಲಿಂದಲೇ ಒಂದು ಅಚ್ಚು ಬೆಲ್ಲ ಕೊಟ್ಟರು. ಕೊಟ್ಟ ಕೈ ಹಿಂದಕ್ಕೆ ಹೋಗುವ ಮೊದಲೇ ಮುಖ ಸಪ್ಪಗಾಯಿತು.

"ಭಾನ್ವಾರ ಧಾರೆ ಅಂದ್ರೆ ಬೀಗರೂಟ ಸೋಮ್ವಾರ ಬತ್ತದಲ್ಲ ಮೇಷ್ಟ್ರೇ! ಈಶ್ವರನ ವಾರ. ಗುಡಿ ಇರೋ ಊರಲ್ಲಿ ಅವತ್ತು ಮಟನ್ ಬೇಯ್ಸಕ್ಕಾಯ್ತದಾ?"

"ಮಂಗಳವಾರ ಇಟ್ಕೊಳ್ಳಿ."

"ಬೀಗ್ರು ಎರಡು ದಿನ ಕಾಯ್ತಾರಾ?"

"ಮುದ್ದೆ, ಬೋಟಿ ಗೊಜ್ಜು ಅಂದ್ರೆ ಕಾಯದೆ ಏನಕ್ಕ."

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. "ಇರಿ, ಮೊದ್ಲು ಕುರಿಯೋನ್ನ ಕೇಳ್ತೀನಿ. ಅವ್ನು ಮಂಗಳವಾರಕ್ಕೆ ಆಗಲ್ಲ ಅಂದ್ರೆ ಜೋಯಿಸ್ರತ್ರ ಇನ್ನೊಂದ್ಸಲ ಹೋಗಾಣ."