ರಕ್ತ ತೆಳುವಾಗಿಸುವ ಮಾತ್ರೆ: ಮನೆಮಂದಿಗೆ ಬಳಕೆಯ ಕೈಪಿಡಿ

ರಾಜಾಜಿನಗರದಿಂದ ಕೆಂಗೇರಿಯವರೆಗೆ, ನಾಡಿ ತಾಳ ತಪ್ಪಿದ ಹಿರಿಯರಿರುವ ಎಲ್ಲ ಮನೆಗಳಿಗೂ ಇದು ಅನ್ವಯ. ಡಬ್ಬಿಯೊಳಗಿನ ಚೀಟಿಯನ್ನೇ ಓದಬಹುದಿತ್ತು. ಆದರೆ ಆ ಅಕ್ಷರ ಕಾಣುವ ವಯಸ್ಸಿನವರಿಗೆ ಈ ಮಾತ್ರೆ ಬೇಕಾಗುವುದು ಅಪರೂಪ.

ಕೆಲಸ ಮಾಡುವ ಬಗೆ: ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ಅದುರುತ್ತಿದ್ದರೆ ಒಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೆ ಹೊರಟರೆ ಪಾರ್ಶ್ವವಾಯು. ಇವರಿಗೆ ಅದರ ಅಪಾಯ ಸುಮಾರು 5 ಪಟ್ಟು. ಮಾತ್ರೆ ತಾಳ ಸರಿಮಾಡುವುದಿಲ್ಲ, ಹೆಪ್ಪು ತಡೆಯುತ್ತದೆ. ಯಾರಿಗೆ ಬೇಕೆಂದು ಡಾಕ್ಟರು ಅಂಕ ಹಾಕುತ್ತಾರೆ: 65 ತುಂಬಿದರೆ ಒಂದು, 75ಕ್ಕೆ ಎರಡು, ಬಿಪಿಗೊಂದು, ಶುಗರಿಗೊಂದು, ಹಿಂದೆ ಪಾರ್ಶ್ವವಾಯು ಆಗಿದ್ದರೆ ಎರಡು. ಈ ಪರೀಕ್ಷೆಯಲ್ಲಿ ಮಾತ್ರ ಯಾರೂ ಫಸ್ಟ್ ಕ್ಲಾಸ್ ಬಯಸುವುದಿಲ್ಲ.

ಹಳೆಯ ಮಾದರಿ: ವಾರ್ಫರಿನ್, ಅಸಿಟ್ರೋಮ್. ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂದು 1954ರಲ್ಲಿ ಮನುಷ್ಯರ ಔಷಧವಾಯಿತು. ಯಜಮಾನರು ಮಾತ್ರೆ ನುಂಗುವ ಹೊತ್ತಿಗೆ ಈ ಇತಿಹಾಸ ತೆಗೆಯಬೇಡಿ. ಐಎನ್‌ಆರ್ ಎಂಬ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಇಲ್ಲಿ ಅಡುಗೆಮನೆ ಕೈಯಾಡಿಸುತ್ತದೆ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ. ಹಾಗೆಂದು ಸೊಪ್ಪನ್ನೇ ನಿಷೇಧಿಸಿ ಹಿರಿಯರನ್ನು ಬರೀ ತಿಳಿಸಾರಿಗೆ ಇಳಿಸುವುದು ಶುದ್ಧ ಅತಿರೇಕ. ತೊಂದರೆ ಸೊಪ್ಪಿನದಲ್ಲ, ಏರಿಳಿತದ್ದು. ವಿಜಯನಗರದ ಮಾರ್ಕೆಟ್ಟಿನಲ್ಲಿ ಅಗ್ಗವಾಯಿತೆಂದು ಈ ವಾರ ದಿನಾ ದಂಟಿನ ಸೊಪ್ಪಿನ ಬಸ್ಸಾರು, ಮುಂದಿನ ವಾರ ಸೊಪ್ಪಿನ ಸುಳಿವೇ ಇಲ್ಲ: ಐಎನ್‌ಆರ್ ಕುಣಿಯುವುದು ಆಗ. ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ಸೊಪ್ಪು ಬಡಿಸಿ. ಡಾಕ್ಟರು ಆ ಊಟಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ.

ಹೊಸ ಮಾದರಿ: ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್. ಇವಕ್ಕೆ ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಮೂತ್ರಪಿಂಡದ ಪರೀಕ್ಷೆ ಮಾತ್ರ ತಪ್ಪಿಸುವಂತಿಲ್ಲ. ಡಾಬಿಗಾಟ್ರಾನ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಕಲಸಿ ಕೊಡಬಾರದು. ರಿವರಾಕ್ಸಬಾನ್ ಊಟದ ಜೊತೆಗೇ ಆಗಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತದು. ಏಕಾದಶಿಯ ನಿರಾಹಾರದವರು ಡಾಕ್ಟರಿಗೆ ಮೊದಲೇ ತಿಳಿಸಿರಬೇಕು. ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯದೇ ಗತಿ. ಹಳೆಯದರಲ್ಲಿ ಹೊಂದಿಕೊಂಡ, ಮೈ ಸೋತ ಹಿರಿಯರನ್ನು ಹೊಸದಕ್ಕೆ ಬದಲಿಸಿದಾಗ ರಕ್ತಸ್ರಾವ ಹೆಚ್ಚಿತೆಂದು 2023ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು ತೋರಿಸಿದೆ. ಹೊಸ ಟಿವಿ ಕೊಳ್ಳುವ ಉತ್ಸಾಹ ಇಲ್ಲಿ ಬೇಡ.

ಹೊಂದದ ಬಿಡಿಭಾಗಗಳು: ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್. ಎದುರುಮನೆಯವರು ಕಳಿಸಿದ ಕಷಾಯ. ಪಾರ್ಕಿನ ಬೆಂಚಿನ ಮೇಲೆ ಕೂತು "ಇದೆಲ್ಲ ಯಾಕ್ರೀ, ಆಸ್ಪಿರಿನ್ ಸಾಕು" ಎನ್ನುವ ನಿವೃತ್ತರು. ಸಾಕಾಗುವುದಿಲ್ಲ, ರಕ್ತಸ್ರಾವದ ಅಪಾಯವಂತೂ ಅದರಲ್ಲೂ ಇದೆ.

"ಬಿದ್ದುಬಿಟ್ಟರೆ?" ಎಂಬ ಭಯಕ್ಕೇ ಎಷ್ಟೋ ಮನೆಗಳಲ್ಲಿ ಮಾತ್ರೆ ನಿಲ್ಲುತ್ತದೆ. 1999ರಲ್ಲಿ ಪ್ರಕಟವಾದ ಪ್ರಸಿದ್ಧ ಲೆಕ್ಕಾಚಾರವೊಂದರ ಪ್ರಕಾರ, ಬೀಳುವುದರಿಂದ ವಾರ್ಫರಿನ್ನಿನ ಲಾಭ ಕೈತಪ್ಪಬೇಕಾದರೆ ವ್ಯಕ್ತಿ ವರ್ಷಕ್ಕೆ ಸುಮಾರು 295 ಸಲ ಬೀಳಬೇಕು. ವೆಸ್ಟ್ ಆಫ್ ಕಾರ್ಡ್ ರೋಡಿನ ಫುಟ್‌ಪಾತಿಗೂ ಅದು ಸುಲಭದ ಗುರಿಯಲ್ಲ. ಲೆಕ್ಕ ಹಳೆಯದು, ಒಬ್ಬೊಬ್ಬರ ಸ್ಥಿತಿ ಒಂದೊಂದು. ನಿಲ್ಲಿಸುವ ಮಾತು ಡಾಕ್ಟರ ಬಾಯಿಂದಲೇ ಬರಲಿ. ಆದರೆ ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ, ಆಸ್ಪತ್ರೆಗೆ ಹೋಗಿ. ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತಕ್ಕೂ ಅದೇ ದಾರಿ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿಸಬೇಡಿ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಿ.

ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕೈಪಿಡಿ ಕೆಳಗಿಟ್ಟು 108ಕ್ಕೆ ಫೋನ್ ಮಾಡಿ. ಮಾತ್ರೆಯ ಹಾಳೆ ಜೊತೆಗಿರಲಿ, ಕೊನೆಯದನ್ನು ಎಷ್ಟು ಗಂಟೆಗೆ ನುಂಗಿದರು ಎಂಬುದೂ ನೆನಪಿರಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಎಂದು ನಿರ್ಧರಿಸಲು ಡಾಕ್ಟರಿಗೆ ಅದು ಬೇಕು.